ಮನೆಯ ಲ್ಯಾಪ್‌ಟಾಪಿನಲ್ಲಿ ನಿಮಗೂ ಒಂದು ಮೂಲೆ

ಬೀರುವಿನಲ್ಲಿ, ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗಿಟ್ಟ ನಿಮ್ಮ ಪದವಿ ಪ್ರಮಾಣಪತ್ರವನ್ನು ಕೊನೆಯ ಬಾರಿ ತೆಗೆದು ನೋಡಿದ್ದು ಯಾವಾಗ? ಅದರಲ್ಲಿ ಬಿಸಿಎ ಎಂದೋ ಬಿ.ಎಸ್ಸಿ. ಎಂದೋ ಬರೆದಿದ್ದರೆ ಈ ಲೇಖನ ಮೊದಲು ನಿಮಗೆ. 2003-04ರ ಸುಮಾರಿಗೆ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರಂತೆ ಕುಳಿತು, ಟರ್ಬೋ ಸಿ ಎಂಬ ಆ ನೀಲಿ ಪರದೆಯಲ್ಲಿ ನೀವೂ ಪ್ರೋಗ್ರಾಂ ಬರೆದಿದ್ದೀರಿ. ಸಾಲಿನ ಕೊನೆಯಲ್ಲಿ ಒಂದು ಅರ್ಧವಿರಾಮ ಮರೆತು ಅರ್ಧ ಗಂಟೆ ಒದ್ದಾಡಿದ್ದೀರಿ. ಒಳ್ಳೆಯ ಅಂಕವೂ ಬಂದಿತ್ತು. ಆಮೇಲೆ ನಿಕಾಹ್ ಆಯಿತು, ಮಕ್ಕಳಾದರು, ಅತ್ತೆ-ಮಾವನ ಆರೈಕೆ ಬಂತು. ಕಲಿತದ್ದು ಅಲ್ಲಿಗೇ ನಿಂತಿತು.

ಈಗ ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. "ಉಮ್ಮಾ, ಮನೆಯ ಲ್ಯಾಪ್‌ಟಾಪಿಗೆ ಪೈಥಾನ್ ಹಾಕಿಕೊಡಿ" ಎನ್ನುತ್ತಾಳೆ. "ಅಣ್ಣ ಬರಲಿ, ಅವನೇ ಹಾಕಿಕೊಡುತ್ತಾನೆ" ಎಂದು ನೀವು ಅಡುಗೆಮನೆಗೆ ಹೋಗುತ್ತೀರಿ. ಅಣ್ಣ ರಾತ್ರಿ ಹತ್ತಕ್ಕೆ ಬಂದು, ನಾಲ್ಕು ಸಲ ಕ್ಲಿಕ್ ಮಾಡಿ, "ಆಯ್ತು" ಎಂದು ಎದ್ದು ಹೋಗುತ್ತಾನೆ. ಏನು ಆಯಿತು, ಎಲ್ಲಿ ಆಯಿತು ಎಂಬುದು ಮಗಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಒಂದು ವಾರದ ನಂತರ ಅದು ಕೈಕೊಟ್ಟಾಗ ಮತ್ತೆ ಅಣ್ಣನನ್ನೇ ಕಾಯಬೇಕು.

ಸಹೋದರಿಯರೇ, ನನ್ನ ಮಾತು ಇಷ್ಟೇ. ಪ್ರೋಗ್ರಾಂ ಬರೆಯುವುದನ್ನು ಆಮೇಲೆ ಯಾರಿಂದ ಬೇಕಾದರೂ ಕಲಿಯಿರಿ. ಆದರೆ ಅದಕ್ಕೆ ಬೇಕಾದ ಸಲಕರಣೆಗಳನ್ನು ಕಂಪ್ಯೂಟರಿಗೆ ಹಾಕಿ ಹೊಂದಿಸುವ ಆ ಮೊದಲ ಸಂಜೆಯ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಹೊಲಿಗೆ ಯಂತ್ರ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಬಿನ್ ಸುತ್ತುವುದು, ದಾರ ಪೋಣಿಸುವುದು, ಟೆನ್ಷನ್ ಸರಿ ಮಾಡುವುದು, ಎಣ್ಣೆ ಬಿಡುವುದು ಇವನ್ನೆಲ್ಲ ಬೇರೆಯವರು ಬಂದು ಮಾಡಿಕೊಡುವುದಾದರೆ, ಆ ಯಂತ್ರದಲ್ಲಿ ಈದ್‌ಗೆ ಮುಂಚೆ ಒಂದು ಚೂಡಿದಾರವೂ ಎದ್ದೇಳುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಮೊದಲ ಬಾರಿ ಹಾಕಿಕೊಂಡಾಗ ಅಸರ್ ನಂತರ ಕುಳಿತವಳು ಇಶಾ ಆದರೂ ಏಳಲಿಲ್ಲ. ಪ್ರತಿ ಸಲವೂ 'ಈ ಹೆಸರಿನ ಆಜ್ಞೆ ಇಲ್ಲ' ಎಂಬರ್ಥದ ಅದೇ ಉತ್ತರ. ಎರಡು ದಿನ ಕಳೆದ ಮೇಲೆ ಅಕ್ಕನ ಮಗ ಬಂದು ಒಂದು ನಿಮಿಷದಲ್ಲಿ ಸರಿಪಡಿಸಿದ. ನನಗೆ ಅವಮಾನವೂ ಆಯಿತು, ಸಮಾಧಾನವೂ ಆಯಿತು. ಕಲಿತದ್ದು ಮಾತ್ರ ಏನೂ ಇಲ್ಲ. ಮರುವರ್ಷ ಲ್ಯಾಪ್‌ಟಾಪ್ ಬದಲಾದಾಗ ಅದೇ ಉತ್ತರ, ಅದೇ ಕಣ್ಣೀರು. ಆಗ ಹಟ ಹಿಡಿದು ನಾನೇ ಹುಡುಕಿದೆ. ಒಂದು ಚಿಕ್ಕ ಚೌಕದಲ್ಲಿ ಟಿಕ್ ಗುರುತು ಹಾಕಿರಲಿಲ್ಲ, ಅಷ್ಟೆ. ಎರಡು ದಿನ ನನ್ನನ್ನು ದಡ್ಡಿ ಎನಿಸಿದ್ದು ಆ ಚೌಕ. ಅದು ಎಲ್ಲಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇದು ನಮ್ಮ ಕೆಲಸವಲ್ಲ ಎಂಬ ಅಳುಕು ಇದ್ದರೆ ಒಂದು ಹಳೆಯ ಸಂಗತಿ ಕೇಳಿ. 1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಸುಮಾರು 18 ಸಾವಿರ ವಾಲ್ವುಗಳಿದ್ದ ಅದು ಒಂದು ದೊಡ್ಡ ಕೋಣೆಯನ್ನೇ ತುಂಬಿಕೊಂಡಿತ್ತು. ಅದಕ್ಕೆ ಪ್ರೋಗ್ರಾಂ ಹಾಕುವುದೆಂದರೆ ನೂರಾರು ತಂತಿಗಳನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಚುಚ್ಚಿ, ಸ್ವಿಚ್ಚುಗಳನ್ನು ತಿರುಗಿಸಿ ಹೊಂದಿಸುವುದು. ಆ ಕೆಲಸ ಮಾಡಿದವರು ಆರು ಮಂದಿ ಹೆಣ್ಣುಮಕ್ಕಳು. ಆರಂಭದಲ್ಲಿ ಯಂತ್ರವಿದ್ದ ಕೋಣೆಗೆ ಅವರಿಗೆ ಪ್ರವೇಶವೇ ಇರಲಿಲ್ಲ. ನಕ್ಷೆಗಳನ್ನು ನೋಡಿಯೇ ಅದರ ಒಳಹೊರಗು ಕಲಿತರು. ಪ್ರದರ್ಶನದ ದಿನ ಯಂತ್ರ ಲೆಕ್ಕವನ್ನು ಸರಿಯಾಗಿ ಮಾಡಿತು, ಅವರ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ. ಎಷ್ಟೋ ದಶಕಗಳ ಬಳಿಕ ಅವರಿಗೆ ಸಲ್ಲಬೇಕಾದ ಗೌರವ ಸಂದಿತು.

ಏನೇನು ಬೇಕು?

ಬೇಕಾದದ್ದು ಎರಡೇ. ಒಂದು, ನೀವು ಬರೆದ ಸಾಲುಗಳನ್ನು ಓದಿ ಅದರಂತೆ ನಡೆಯುವ ತಂತ್ರಾಂಶ. ಇಲ್ಲಿ ಅದು ಪೈಥಾನ್. ಇನ್ನೊಂದು, ಆ ಸಾಲುಗಳನ್ನು ಬರೆಯಲು, ತಿದ್ದಲು ಒಂದು ಪುಟ. ಇದಕ್ಕೆ ಎಡಿಟರ್ ಎನ್ನುತ್ತಾರೆ. ಇವೆರಡೂ ಒಂದರ ಗುರುತು ಇನ್ನೊಂದಕ್ಕೆ ಸಿಕ್ಕುವಂತೆ ಹೊಂದಿಕೊಂಡರೆ ಮುಗಿಯಿತು.

ಪೈಥಾನೇ ಏಕೆ? ನೆದರ್‌ಲ್ಯಾಂಡ್ಸಿನ ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆ ಓದಲು ಸರಳ. ಹೆಸರು ಹೆಬ್ಬಾವಿನದಲ್ಲ, ಬ್ರಿಟಿಷ್ ಹಾಸ್ಯ ತಂಡವೊಂದರದು, ಹೆದರಬೇಕಿಲ್ಲ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕಗಳಲ್ಲಿರುವುದೂ ಇದೇ, ಮತ್ತು ಆ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನೀವು ಮತ್ತು ನಿಮ್ಮ ಮಗಳು ಒಂದೇ ಪುಸ್ತಕ ಇಟ್ಟುಕೊಂಡು ಕೂರಬಹುದು.

ಇನ್ನೊಂದು ಮಾತು. ನಾನಿಲ್ಲಿ ಹೇಳುವ ತಂತ್ರಾಂಶಗಳಿಗೆಲ್ಲ ಹಣವಿಲ್ಲ. ಒಂದು ಕಾಲದಲ್ಲಿ ಸಿಡಿ ಅಂಗಡಿಯಿಂದ ಕದ್ದ ಪ್ರತಿ ತಂದು ಹಾಕಿ, ಇದು ಹಲಾಲೋ ಹರಾಮೋ ಎಂದು ಮನಸ್ಸಿನಲ್ಲೇ ಗೊಣಗಿದವರು ನಾವು. ಆ ಗೊಣಗಾಟ ಇಲ್ಲಿಲ್ಲ. ಮಾಡಿದವರೇ ಎಲ್ಲರಿಗೂ ಎಂದು ಬಿಟ್ಟುಕೊಟ್ಟಿದ್ದಾರೆ. ಆದ್ದರಿಂದ ಎಲ್ಲಾದರೂ ಹಣ ಅಥವಾ ಕಾರ್ಡ್ ನಂಬರ್ ಕೇಳಿದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದೇ ತಿಳಿದು ಆ ಪುಟ ಮುಚ್ಚಿ. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಪೈಥಾನ್ ಡಾಟ್ ಓಆರ್‌ಜಿ ಎಂದು ವಿಳಾಸವನ್ನು ನೀವೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವುದು ಒಳ್ಳೆಯದು.

ಪಾಸ್‌ವರ್ಡ್ ಯಾರ ಬಳಿ?

ನಮ್ಮ ಎಷ್ಟೋ ಮನೆಗಳಲ್ಲಿ ನಿಜವಾದ ತೊಡಕು ಇಲ್ಲಿದೆ. ಲ್ಯಾಪ್‌ಟಾಪ್ ತೆರೆದ ಕೂಡಲೇ ಬರುವ ಹೆಸರು ಮಗನದೋ ಗಂಡನದೋ ಇರುತ್ತದೆ. ಏನನ್ನಾದರೂ ಹಾಕಲು ಹೋದರೆ ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಗಂಡ ದಮ್ಮಾಮಿನಲ್ಲಿ ಡ್ಯೂಟಿಯಲ್ಲಿದ್ದಾರೆ, ಮಗ ಕ್ರಿಕೆಟಿಗೆ ಹೋಗಿದ್ದಾನೆ. ನಿಮ್ಮ ಉತ್ಸಾಹ ಅಲ್ಲಿಗೇ ತಣ್ಣಗಾಗುತ್ತದೆ.

ಮೊದಲು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿಗೆ ಹೋಗಿ ನಿಮ್ಮ ಹೆಸರಿನಲ್ಲೊಂದು ಬೇರೆ ಖಾತೆ ಮಾಡಿಸಿಕೊಳ್ಳಿ. ಈ ಒಂದು ಬಾರಿ ಪಾಸ್‌ವರ್ಡ್ ಇರುವವರು ಪಕ್ಕದಲ್ಲಿರಬೇಕು. ಅದರಿಂದ ನಿಮ್ಮ ಕಡತಗಳು ನಿಮ್ಮವಾಗಿರುತ್ತವೆ, ಮಗನ ಆಟಗಳ ನಡುವೆ ಕಳೆದುಹೋಗುವುದಿಲ್ಲ. ಅನಂತರದ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಪೈಥಾನ್ ಹಾಕಿಕೊಳ್ಳಲು ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ. 'ನನಗೆ ಮಾತ್ರ' ಎಂಬ ಆಯ್ಕೆ ಕೊಟ್ಟರೆ ಅದು ನಿಮ್ಮ ಖಾತೆಯೊಳಗೆ ಮಾತ್ರ ಕುಳಿತುಕೊಳ್ಳುತ್ತದೆ, ಮನೆಯ ಉಳಿದವರ ತಂಟೆಗೆ ಹೋಗುವುದಿಲ್ಲ. ಈ ಅನುಮತಿಯ ಅಡ್ಡಗೋಡೆ ಇಲ್ಲ ಎಂದು ಗೊತ್ತಾದಾಗ ನನಗಾದ ಸಂತೋಷ ಪ್ರೋಗ್ರಾಂ ಓಡಿದಾಗಲೂ ಆಗಲಿಲ್ಲ.

ಸುಲಭದ ದಾರಿ

ಹೊಸಬರಿಗೆ, ಬಹಳ ವರ್ಷಗಳ ನಂತರ ಮರಳಿ ಬರುವವರಿಗೆ ನಾನು ಹೇಳುವುದು ಥಾನಿ ಎಂಬ ತಂತ್ರಾಂಶ. ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆಂದೇ ರೂಪುಗೊಂಡದ್ದು. ಪೈಥಾನ್ ಅದರ ಹೊಟ್ಟೆಯೊಳಗೇ ಇರುತ್ತದೆ, ಬೇರೆ ಹಾಕಬೇಕಿಲ್ಲ. ಥಾನಿ ಡಾಟ್ ಓಆರ್‌ಜಿಯಿಂದ ಇಳಿಸಿಕೊಂಡು, ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ, 'ನನಗೆ ಮಾತ್ರ' ಎಂಬುದನ್ನು ಆರಿಸಿ, ಮುಂದೆ ಮುಂದೆ ಎಂದು ಒತ್ತುತ್ತಾ ಹೋದರೆ ಸಾಕು. ತೆರೆದಾಗ ಮೇಲೆ ಖಾಲಿ ಪುಟ, ಕೆಳಗೆ ಮೂರು ಬಾಣದ ಗುರುತಿರುವ ಇನ್ನೊಂದು ಪಟ್ಟಿ. ಆ ಮೂರು ಬಾಣದ ಪಕ್ಕದಲ್ಲಿ 320000 ಎಂದು ಬರೆದು, ಓರೆಗೆರೆ ಹಾಕಿ, 40 ಎಂದು ಬರೆದು ಎಂಟರ್ ಒತ್ತಿ. 8000.0 ಎಂದು ಬರುತ್ತದೆ. ನಿಮ್ಮ ಕಂಪ್ಯೂಟರ್ ಸಿದ್ಧವಾಯಿತು.

ಮೆನುವಿನ ವ್ಯೂ ಎಂಬಲ್ಲಿ ವೇರಿಯಬಲ್ಸ್ ಎಂಬುದಕ್ಕೆ ಟಿಕ್ ಹಾಕಿಡಿ. ಪ್ರೋಗ್ರಾಂ ಓಡುವಾಗ ಯಾವ ಹೆಸರಿನಲ್ಲಿ ಯಾವ ಬೆಲೆ ಕುಳಿತಿದೆ ಎಂಬುದು ಪಕ್ಕದಲ್ಲೇ ಕಾಣುತ್ತದೆ. ನಮ್ಮ ಕಾಲದ ನೀಲಿ ಪರದೆಯಲ್ಲಿ ಇಂಥ ಸೌಕರ್ಯ ಕಣ್ಣ ಮುಂದೆ ಇದ್ದಿದ್ದರೆ ಎಷ್ಟು ಹುಡುಗಿಯರು ಪಾಯಿಂಟರ್ ಎಂದರೆ ಹೆದರದೆ ಇರುತ್ತಿದ್ದರೋ!

ಇಷ್ಟರಲ್ಲೇ ಆರು ತಿಂಗಳು ಧಾರಾಳವಾಗಿ ಕಲಿಯಬಹುದು. ಕೆಲಸಕ್ಕೆ ಸೇರುವ ಯೋಚನೆಯಿದ್ದರೆ ಮಾತ್ರ ಮುಂದಿನ ದಾರಿ ಹಿಡಿಯಿರಿ.

ಆ ಚಿಕ್ಕ ಚೌಕ

ಎರಡನೆಯ ದಾರಿಯಲ್ಲಿ ಪೈಥಾನ್ ಬೇರೆ, ಎಡಿಟರ್ ಬೇರೆ. ಪೈಥಾನಿನ ಇನ್‌ಸ್ಟಾಲರ್ ತೆರೆದಾಗ ಮೊದಲ ಪರದೆಯ ತಳದಲ್ಲಿ ಎರಡು ಚೌಕಗಳಿರುತ್ತವೆ. ಒಂದರಲ್ಲಿ ಅಡ್ಮಿನ್ ಅಧಿಕಾರ ಬಳಸಲೇ ಎಂದು ಕೇಳಿರುತ್ತದೆ. ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ ಆ ಟಿಕ್ ತೆಗೆಯಿರಿ. ಇನ್ನೊಂದರಲ್ಲಿ ಪೈಥಾನನ್ನು 'ಪಾತ್'ಗೆ ಸೇರಿಸು ಎಂದಿರುತ್ತದೆ. ಅದು ಖಾಲಿಯಾಗಿರುತ್ತದೆ. ನನ್ನ ಎರಡು ದಿನ ತಿಂದ ಚೌಕ ಅದೇ. ಅದಕ್ಕೆ ಟಿಕ್ ಹಾಕಿಯೇ ಮುಂದಿನದನ್ನು ಒತ್ತಿ.

ಪಾತ್ ಎಂದರೆ ಏನು? ಹೊಸದಾಗಿ ಮನೆಗೆ ಬಂದ ಸೊಸೆಗೆ "ಜೀರಿಗೆ ತಾ" ಎಂದರೆ ಅವಳು ತನಗೆ ತೋರಿಸಿದ ಕಪಾಟುಗಳಲ್ಲಿ ಮಾತ್ರ ಹುಡುಕುತ್ತಾಳೆ. ಅಲ್ಲಿಲ್ಲದಿದ್ದರೆ "ಇಲ್ಲ" ಎನ್ನುತ್ತಾಳೆ. ಜೀರಿಗೆ ಮನೆಯಲ್ಲಿಲ್ಲ ಎಂದಲ್ಲ. ಆ ಕಪಾಟನ್ನು ಅವಳಿಗೆ ಯಾರೂ ತೋರಿಸಿಲ್ಲ. ವಿಂಡೋಸ್‌ನ ಬಳಿಯೂ ಹೀಗೆ ಹುಡುಕಬೇಕಾದ ಜಾಗಗಳ ಒಂದು ಪಟ್ಟಿಯಿದೆ, ಅದೇ ಪಾತ್. ಟಿಕ್ ಹಾಕಿದರೆ ಪೈಥಾನ್ ಇರುವ ಜಾಗ ಆ ಪಟ್ಟಿಗೆ ಸೇರುತ್ತದೆ. ಹಾಕದಿದ್ದರೆ ಪೈಥಾನ್ ಕಂಪ್ಯೂಟರಿನಲ್ಲಿ ಇದ್ದರೂ ಇಲ್ಲದಂತೆ.

ಸರಿಯಾಯಿತೇ ಎಂದು ನೋಡಲು ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಕಪ್ಪು ಕಿಟಕಿ ತೆರೆಯಿರಿ. ಅಲ್ಲಿ ಇಂಗ್ಲಿಷಿನಲ್ಲಿ ಪೈಥಾನ್ ಎಂದು ಬರೆದು, ಒಂದು ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ, ಜಾಗ ಬಿಡದೆ ವರ್ಷನ್ ಎಂದು ಬರೆದು ಎಂಟರ್ ಒತ್ತಿ. ಆವೃತ್ತಿಯ ಸಂಖ್ಯೆ ಬಂದರೆ ಗೆದ್ದಿರಿ. ಅದರ ಬದಲು ಪೈಥಾನ್ ಸಿಗಲಿಲ್ಲ, ಮೈಕ್ರೋಸಾಫ್ಟ್ ಅಂಗಡಿಯಿಂದ ಹಾಕಿಕೊಳ್ಳಿ ಎಂಬರ್ಥದ ಸಂದೇಶ ಬಂದರೆ ಗಾಬರಿಯಾಗಬೇಡಿ. ಪೈಥಾನ್ ಪಟ್ಟಿಯಲ್ಲಿ ಸಿಗದಾಗ ವಿಂಡೋಸ್ ಹಾಗೆ ಮಾಡುತ್ತದೆ. ಟಿಕ್ ಹಾಕಿದ ಮೇಲೂ ಅದೇ ಉತ್ತರ ಬಂದರೆ ಕಪ್ಪು ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆಯಿರಿ, ಹಳೆಯ ಕಿಟಕಿಯಲ್ಲಿ ಹಳೆಯ ಪಟ್ಟಿಯೇ ಇರುತ್ತದೆ. ಇಷ್ಟಾದರೂ ಆಗದಿದ್ದರೆ ಪೈಥಾನ್ ಎಂಬುದರ ಬದಲು ಅದರ ಮೊದಲೆರಡು ಇಂಗ್ಲಿಷ್ ಅಕ್ಷರ, ಪಿ ಮತ್ತು ವೈ, ಮಾತ್ರ ಬರೆದು ನೋಡಿ.

2025ರಿಂದ ವಿಂಡೋಸ್‌ಗಾಗಿ ಇನ್‌ಸ್ಟಾಲ್ ಮ್ಯಾನೇಜರ್ ಎಂಬ ಹೊಸ ಬಗೆಯೊಂದು ಬಂದಿದೆ. ಅದು ಕಪ್ಪು ಕಿಟಕಿಯಲ್ಲೇ ಪ್ರಶ್ನೆ ಕೇಳುತ್ತದೆ. ಪಾತ್‌ಗೆ ಸೇರಿಸಲೇ ಎಂದಾಗ ಹೌದು ಎನ್ನಿ.

ಮನೆಯಲ್ಲಿರುವುದು ಹಳೆಯ ವಿಂಡೋಸ್ 7 ಆಗಿದ್ದರೆ ಇಂದಿನ ಪೈಥಾನ್ ಅದರಲ್ಲಿ ಕೂರುವುದಿಲ್ಲ, 3.8ರ ನಂತರದ್ದು ಯಾವುದೂ ಅದಕ್ಕೆ ಒಗ್ಗದು. ಅದು ನಿಮ್ಮ ತಪ್ಪಲ್ಲ. ಅಂಥ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಸಿದರೆ ಪೈಥಾನ್ ಅದರಲ್ಲಿ ಮೊದಲೇ ಇರುತ್ತದೆ. ಲ್ಯಾಪ್‌ಟಾಪೇ ಇಲ್ಲ, ಮೊಬೈಲ್ ಮಾತ್ರ ಎನ್ನುವವರು ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಳ್ಳಬಹುದು. ಅಕ್ಷರ ಚಿಕ್ಕದು, ಕಣ್ಣಿಗೆ ತ್ರಾಸ, ಆದರೆ ಆರಂಭಕ್ಕೆ ತೊಂದರೆಯಿಲ್ಲ.

ಎಡಿಟರ್ ಆಗಿ ಈಗ ಹೆಚ್ಚಿನ ಕಂಪೆನಿಗಳಲ್ಲೂ ಬಳಕೆಯಲ್ಲಿರುವುದು ವಿಶುವಲ್ ಸ್ಟುಡಿಯೋ ಕೋಡ್. ಮೈಕ್ರೋಸಾಫ್ಟ್ 2015ರಲ್ಲಿ ತಂದದ್ದು. ಇದರಲ್ಲಿ 'ಯೂಸರ್ ಇನ್‌ಸ್ಟಾಲರ್' ಎಂಬುದನ್ನು ಇಳಿಸಿಕೊಂಡರೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಹಾಕಿದ ಮೇಲೆ ಎಡಬದಿಯ ಎಕ್ಸ್‌ಟೆನ್ಷನ್ಸ್ ಗುರುತನ್ನು ಒತ್ತಿ, ಪೈಥಾನ್ ಎಂದು ಹುಡುಕಿ, ಮೈಕ್ರೋಸಾಫ್ಟ್ ಹೆಸರಿರುವುದನ್ನೇ ಹಾಕಿ. ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಯಾವ ಪೈಥಾನ್ ಬಳಸಬೇಕೆಂದು ಅದು ಕೇಳಿದಾಗ ಉತ್ತರಿಸದೆ ಬಿಡುವುದು ಒಂದು. ಬರೆದದ್ದನ್ನು ಉಳಿಸದೆ ಓಡಿಸುವುದು ಇನ್ನೊಂದು. ಕಡತದ ಹೆಸರಿನ ಪಕ್ಕದಲ್ಲಿ ದುಂಡನೆಯ ಬಿಳಿ ಚುಕ್ಕೆ ಕಂಡರೆ ಇನ್ನೂ ಉಳಿಸಿಲ್ಲ ಎಂದರ್ಥ.

ಮೊದಲ ಪ್ರೋಗ್ರಾಂ: ಝಕಾತ್ ಲೆಕ್ಕ

ಎಲ್ಲ ಪುಸ್ತಕಗಳಲ್ಲೂ ಮೊದಲ ಪ್ರೋಗ್ರಾಂ 'ಲೋಕಕ್ಕೆ ನಮಸ್ಕಾರ' ಎಂದು ಪರದೆಯ ಮೇಲೆ ಬರೆಯುವುದು. ಅದನ್ನು ಒಮ್ಮೆ ಮಾಡಿ ಬಿಟ್ಟುಬಿಡಿ. ರಮಝಾನಿಗೆ ಮುಂಚೆ ಪ್ರತಿ ಮನೆಯಲ್ಲೂ ಕಾಗದ ಪೆನ್ನು ಹಿಡಿದು ಕೂರುವ ಒಂದು ಲೆಕ್ಕವಿದೆ, ಅದನ್ನು ಹಾಕೋಣ.

ಪ್ರೋಗ್ರಾಂ ನಿಮ್ಮಲ್ಲಿ ಮೂರು ವಿಷಯ ಕೇಳಬೇಕು: ಒಂದು ವರ್ಷ ಕೈಯಲ್ಲಿ ಉಳಿದ ಹಣ ಎಷ್ಟು, ಕೊಡಬೇಕಾದ ಸಾಲ ಎಷ್ಟು, ಈ ವರ್ಷದ ನಿಸಾಬ್ ರೂಪಾಯಿಯಲ್ಲಿ ಎಷ್ಟು. ಹಣದಿಂದ ಸಾಲ ಕಳೆದು, ಉಳಿದದ್ದು ನಿಸಾಬ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು 40ರಿಂದ ಭಾಗಿಸಿ ತೋರಿಸಬೇಕು. ಇಲ್ಲದಿದ್ದರೆ 'ಈ ವರ್ಷ ಕಡ್ಡಾಯವಿಲ್ಲ' ಎನ್ನಬೇಕು. ಹತ್ತು ಸಾಲೂ ಆಗುವುದಿಲ್ಲ. ಆ ಉತ್ತರದ ವಾಕ್ಯವನ್ನು ಕನ್ನಡದಲ್ಲೇ ಬರೆಯಬಹುದು. ಹಣ, ಸಾಲ, ನಿಸಾಬ್ ಎಂಬ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಇಡಲು ಪೈಥಾನ್ ಬಿಡುತ್ತದೆ. ಥಾನಿಯೊಳಗೆ ಓಡಿಸಿದರೆ ಅಕ್ಷರ ಓದಲು ಬರುತ್ತದೆ. ಆ ಕಪ್ಪು ಕಿಟಕಿಯಲ್ಲಿ ಮಾತ್ರ ಕೆಲವೊಮ್ಮೆ ಬರೀ ಚೌಕಗಳು ಕಾಣುತ್ತವೆ.

ಇಲ್ಲಿ ಒಂದು ಗಮ್ಮತ್ತು ನಡೆಯುತ್ತದೆ. ನೀವು ಕೀಲಿಮಣೆಯಲ್ಲಿ 500 ಎಂದು ಕೊಟ್ಟರೆ ಪೈಥಾನಿಗೆ ಅದು ಐನೂರು ಅಲ್ಲ. ಐದು, ಸೊನ್ನೆ, ಸೊನ್ನೆ ಎಂಬ ಮೂರು ಅಕ್ಷರ. ಇಂಥ ಎರಡು ಐನೂರನ್ನು ಕೂಡಿಸಿದರೆ ಸಾವಿರ ಬರುವುದಿಲ್ಲ, 500500 ಎಂದು ಅಂಟಿಸಿಕೊಡುತ್ತದೆ. ಆ ಲೆಕ್ಕದಲ್ಲಿ ಝಕಾತ್ ಕೊಟ್ಟರೆ ಮನೆ ಮಾರಬೇಕಾದೀತು! ಆದ್ದರಿಂದ ಬಂದದ್ದನ್ನು 'ಇಂಟ್' ಎಂಬುದರೊಳಗೆ ಹಾಕಿ ಸಂಖ್ಯೆಯಾಗಿ ಮಾಡಿಕೊಳ್ಳಬೇಕು. 3,20,000 ಎಂದು ಅಲ್ಪವಿರಾಮ ಸೇರಿಸಿ ಕೊಟ್ಟರೆ ಅದು ತಗಾದೆ ತೆಗೆಯುತ್ತದೆ, ಬರೀ ಅಂಕೆ ಕೊಡಿ. ವಿಚಿತ್ರವೆಂದರೆ ೫೦೦ ಎಂದು ಕನ್ನಡ ಅಂಕೆಯಲ್ಲಿ ಕೊಟ್ಟರೂ ಇಂಟ್ ಅದನ್ನು ಸರಿಯಾಗಿ ಐನೂರು ಎಂದೇ ಓದುತ್ತದೆ.

ನಿಸಾಬ್‌ನ ತೂಕವನ್ನು ಲೆಕ್ಕದ ನಡುವೆ ಎಲ್ಲೋ ತುರುಕಬೇಡಿ, ಮೇಲಿನ ಒಂದು ಸಾಲಿನಲ್ಲಿ ಹೆಸರು ಕೊಟ್ಟು ಇಡಿ. ಕಾರಣವಿದೆ. ಮೂಲ ಅಳತೆ 20 ದೀನಾರ್ ಚಿನ್ನ ಅಥವಾ 200 ದಿರ್ಹಮ್ ಬೆಳ್ಳಿ. ಇಂದಿನ ತೂಕದಲ್ಲಿ ಅದನ್ನು 85 ಗ್ರಾಂ ಚಿನ್ನ, 595 ಗ್ರಾಂ ಬೆಳ್ಳಿ ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ನಮ್ಮ ದೇಶದ ಹನಫಿ ಉಲಮಾಗಳಲ್ಲಿ 87.48 ಮತ್ತು 612.36 ಗ್ರಾಂ ಎಂಬ ಲೆಕ್ಕ ಪ್ರಚಲಿತ. ಮೈಮೇಲೆ ಧರಿಸುವ ಆಭರಣಕ್ಕೆ ಝಕಾತ್ ಇದೆಯೇ ಎಂಬಲ್ಲೂ ಹನಫಿ, ಶಾಫಿಈ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಸಾಲವನ್ನು ಹೇಗೆ ಕಳೆಯಬೇಕೆಂಬಲ್ಲೂ ಇದೆ. ಯಾವುದನ್ನು ಹಿಡಿಯಬೇಕೆಂದು ನಿಮ್ಮ ಆಲಿಮರನ್ನು ಕೇಳಿ, ಆ ಒಂದು ಸಾಲನ್ನು ಮಾತ್ರ ತಿದ್ದಿ. ಅಂತರ್ಜಾಲದಲ್ಲಿ ಸಿದ್ಧ ಝಕಾತ್ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ, ನಿಜ. ಆದರೆ ಅದರೊಳಗೆ ಯಾವ ನಿಸಾಬ್ ಇಟ್ಟಿದ್ದಾರೆ, ಆಭರಣವನ್ನು ಸೇರಿಸಿದ್ದಾರೋ ಇಲ್ಲವೋ ಎಂಬುದು ಎಷ್ಟೋ ಸಲ ಹೊರಗೆ ಕಾಣುವುದಿಲ್ಲ. ನೀವೇ ಬರೆದದ್ದರಲ್ಲಿ ಪ್ರತಿ ಸಾಲೂ ಕಣ್ಣಿಗೆ ಕಾಣುತ್ತದೆ.

ಈ ಕೆಲಸದಲ್ಲಿ ನಾವು ಹೊಸಬರೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ಖಲೀಫಾ ಮಾಮೂನರ ಕಾಲದ ಬಗ್ದಾದಿನಲ್ಲಿ, ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಎಂಬ ವಿದ್ವಾಂಸರು ಬೈತುಲ್ ಹಿಕ್ಮದಲ್ಲಿ ಕುಳಿತು ಲೆಕ್ಕದ ಗ್ರಂಥ ಬರೆದರು. ಅದರ ಹೆಸರಿನಲ್ಲಿರುವ ಅಲ್ ಜಬ್ರ್ ಎಂಬ ಪದವೇ ಆಲ್ಜಿಬ್ರಾ ಆಯಿತು. ಅವರ ಹೆಸರು ಲ್ಯಾಟಿನ್ ಬಾಯಲ್ಲಿ ತಿರುಚಿ ಆಲ್ಗರಿದಮ್ ಆಯಿತು. ಕಂಪ್ಯೂಟರಿಗೆ ಹಂತಹಂತವಾಗಿ ಹೇಳಿಕೊಡುವ ವಿಧಾನಕ್ಕೆ ಇಂದಿಗೂ ಅದೇ ಹೆಸರು. ಆ ಗ್ರಂಥದ ದೊಡ್ಡದೊಂದು ಭಾಗ ಮೀರಾಸ್‌ನ ಲೆಕ್ಕಗಳು. ಸತ್ತವರ ಆಸ್ತಿಯಲ್ಲಿ ಪತ್ನಿಗೆಷ್ಟು, ಮಗಳಿಗೆಷ್ಟು, ತಾಯಿಗೆಷ್ಟು ಎಂಬಂಥವು. ಝಕಾತ್ ಪ್ರೋಗ್ರಾಂ ಓಡಿದ ಮೇಲೆ ಅದನ್ನೂ ಪ್ರಯತ್ನಿಸಿ. ಹೆಣ್ಣುಮಕ್ಕಳ ಪಾಲಿನ ಮಾತೆತ್ತಿದರೆ "ಆಮೇಲೆ ನೋಡೋಣ" ಎನ್ನುವ ಮನೆಗಳಲ್ಲಿ, ಅಂಕೆ ಸಮೇತ ಪರದೆಯ ಮೇಲೆ ಬಂದ ಲೆಕ್ಕಕ್ಕೆ ಒಂದು ತೂಕ ಇರುತ್ತದೆ.

ಕೆಂಪು ಅಕ್ಷರ ಬಂದಾಗ

ಖಂಡಿತ ಬರುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರಿಗೂ ದಿನಕ್ಕೆ ಹತ್ತು ಸಲ ಬರುತ್ತದೆ. ಗಂಡಸರು ಅದನ್ನು ಕಂಡು ಯಂತ್ರಕ್ಕೆ ಬೈಯುತ್ತಾರೆ, ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ. ಈ ವ್ಯತ್ಯಾಸವನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ತಪ್ಪಿನ ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ, ಸಾರಾಂಶ ಅಲ್ಲಿರುತ್ತದೆ. ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಎಂದೂ ಬರೆದಿರುತ್ತದೆ. ಹೆಸರನ್ನು ತಪ್ಪಾಗಿ ಬರೆದಿದ್ದರೆ, 2021ರಲ್ಲಿ ಬಂದ 3.10ರ ನಂತರದ ಪೈಥಾನ್, 'ನೀವು ಹೇಳಹೊರಟದ್ದು ಇದೇನಾ?' ಎಂದು ಸರಿಯಾದ ಹೆಸರನ್ನೇ ಸೂಚಿಸುವುದುಂಟು.

ಪೈಥಾನಿನಲ್ಲಿ ಸಾಲು ಎಲ್ಲಿಂದ ಆರಂಭವಾಗುತ್ತದೆ ಎಂಬುದಕ್ಕೂ ಅರ್ಥವಿದೆ. 'ಹೀಗಿದ್ದರೆ' ಎಂಬ ಸಾಲಿನ ಕೊನೆಯಲ್ಲಿ ಎರಡು ಚುಕ್ಕೆ ಇರಬೇಕು, ಅದರ ಕೆಳಗಿನ ಸಾಲುಗಳು ನಾಲ್ಕು ಅಕ್ಷರ ಒಳಗೆ ಸರಿದಿರಬೇಕು. ಇಂಡೆಂಟೇಶನ್ ಎಂಬ ಪದ ಕೆಂಪಿನಲ್ಲಿ ಕಂಡರೆ ನೆರಿಗೆ ಸರಿಯಾಗಿ ಕೂತಿಲ್ಲ ಎಂದು ತಿಳಿಯಿರಿ.

ಇನ್ನೊಂದು ಕಾಟ ನಮ್ಮ ವಾಟ್ಸ್‌ಆ್ಯಪಿನದು. ಮಗಳ ಗೆಳತಿ ಕಳಿಸಿದ ಪ್ರೋಗ್ರಾಂ ಅಲ್ಲಿಂದ ನಕಲು ಮಾಡಿ ಹಾಕಿದರೆ ಓಡುವುದಿಲ್ಲ. ಗುಣಾಕಾರಕ್ಕೆ ಬಳಸುವ ನಕ್ಷತ್ರ ಚಿಹ್ನೆಯನ್ನು ವಾಟ್ಸ್‌ಆ್ಯಪ್ ದಪ್ಪ ಅಕ್ಷರದ ಗುರುತೆಂದು ತಿಳಿದು ನುಂಗಿಬಿಡುವುದುಂಟು. ನೆಟ್ಟಗಿರಬೇಕಾದ ಉದ್ಧರಣ ಚಿಹ್ನೆ ಫೋನಿನಲ್ಲೋ ವರ್ಡಿನಲ್ಲೋ ಬಾಗಿದ ಚಿಹ್ನೆಯಾಗಿ ಬದಲಾಗುತ್ತದೆ. ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಚಿಕ್ಕ ಮಕ್ಕಳು ಪಕ್ಕದಲ್ಲಿ ಬಂದು ಕುಳಿತರೆ ಅವರಿಗೆ ಟರ್ಟಲ್ ತೋರಿಸಿ. ಪೈಥಾನಿನ ಜೊತೆಗೇ ಬರುವ, ಪರದೆಯ ಮೇಲೆ ಗೆರೆ ಎಳೆಯುತ್ತಾ ಹೋಗುವ ಆಮೆ ಅದು. 200 ಹೆಜ್ಜೆ ಮುಂದೆ ಹೋಗು, 135 ಡಿಗ್ರಿ ಬಲಕ್ಕೆ ತಿರುಗು ಎಂಬುದನ್ನು ಎಂಟು ಸಲ ಮಾಡಿಸಿದರೆ ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ, ಮಸೀದಿಯ ಜಾಲಂಧ್ರಗಳಲ್ಲಿ ಕಾಣುವ ನಕ್ಷತ್ರಗಳ ನಂಟಿನದ್ದೇ. ವಿಜಯಪುರದ ಗೋಲ್ ಗುಂಬಜ್ ನೋಡಿದವರು ನೆನಪಿಸಿಕೊಳ್ಳಿ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಹೆಣೆದುಕೊಂಡು ಆ ಗುಮ್ಮಟವನ್ನು ಹೊತ್ತಿವೆ. 135ರ ಬದಲು 144 ಕೊಟ್ಟು ಐದು ಸಲ ಮಾಡಿಸಿ ನೋಡಿ ಎಂದು ಮಕ್ಕಳಿಗೆ ಬಿಟ್ಟುಬಿಡಿ. ಆ ಕಡತಕ್ಕೆ ಮಾತ್ರ ಟರ್ಟಲ್ ಎಂದೇ ಹೆಸರಿಡಬೇಡಿ. ಹಾಗಿಟ್ಟರೆ ಪೈಥಾನ್ ನಿಜವಾದ ಆಮೆಯನ್ನು ಬಿಟ್ಟು ನಿಮ್ಮ ಕಡತವನ್ನೇ ಆಮೆ ಎಂದುಕೊಂಡು ಗೊಂದಲಕ್ಕೆ ಬೀಳುತ್ತದೆ.

ಯಾವ ಹೊತ್ತು ಕೂರಬೇಕು ಎಂಬುದು ನಿಮಗೇ ಗೊತ್ತು. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೋ, ಫಜ್ರ್ ನಂತರವೋ ಮುಕ್ಕಾಲು ಗಂಟೆ ಸಾಕು. ಇನ್‌ಸ್ಟಾಲ್ ಮಾಡುವ ದಿನ ಮಾತ್ರ ಒಲೆಯ ಮೇಲೆ ಏನನ್ನೂ ಇಡಬೇಡಿ, ಸೀದು ಹೋಗುತ್ತದೆ. ಬಿಸ್ಮಿ ಹೇಳಿ ಕೂರಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಏನು ಇಳಿಸಿದಿರಿ, ಯಾವ ಚೌಕಕ್ಕೆ ಟಿಕ್ ಹಾಕಿದಿರಿ, ಯಾವ ಕೆಂಪು ಸಂದೇಶ ಬಂತು, ಹೇಗೆ ಹೋಯಿತು ಎಂಬುದನ್ನೆಲ್ಲ ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಲ್ಯಾಪ್‌ಟಾಪ್ ಬದಲಾದಾಗ ಯಾರನ್ನೂ ಕರೆಯಬೇಕಿಲ್ಲ.

ಬರೆದ ಕಡತಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು, ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಮಗ ಯಾವತ್ತು ಯಾರನ್ನೂ ಕೇಳದೆ ಫಾರ್ಮ್ಯಾಟ್ ಮಾಡಿಸಿಕೊಂಡು ಬರುತ್ತಾನೋ ಹೇಳಲಾಗದು. ಪೆನ್‌ಡ್ರೈವನ್ನು ಆ ಬೀರುವಿನಲ್ಲೇ, ಪ್ರಮಾಣಪತ್ರದ ಕವರಿನೊಳಗೇ ಇಡಬಹುದು.